ದೇವಿಯ ಹೆಸರಿನ ಅರ್ಥ ನೀವೇ ಬಿಡಿಸಿಕೊಳ್ಳುವುದು ಹೇಗೆ?

ನವರಾತ್ರಿ ಹತ್ತಿರ ಬಂತು ಅಂದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ‘ಕೂಷ್ಮಾಂಡಾ ಅಂದರೆ ಏನು?’ ‘ಚಾಮುಂಡಿ ಅನ್ನುವ ಹೆಸರು ಹೇಗೆ ಬಂತು?’ ‘ಮಗಳಿಗೆ ಅಪರ್ಣಾ ಅಂತ ಇಡೋಣ ಅಂತಿದ್ದೇವೆ, ಅರ್ಥ ಚೆನ್ನಾಗಿದೆಯಾ?’ ಒಂದೊಂದಕ್ಕೇ ಉತ್ತರ ಬರೆಯುತ್ತಾ ಕೂತರೆ ಮುಗಿಯುವ ಮಾತಲ್ಲ. ಲಲಿತಾ ಸಹಸ್ರನಾಮ ಒಂದರಲ್ಲೇ 1000 ಹೆಸರುಗಳಿವೆ. ಅದರ ಮೇಲೆ ನಮ್ಮೂರ ಅಮ್ಮಂದಿರ ಹೆಸರುಗಳು ಬೇರೆ.

ಅದಕ್ಕೇ ಈ ಸಲ ಅರ್ಥಗಳ ಪಟ್ಟಿ ಕೊಡುತ್ತಿಲ್ಲ. ಹೆಸರನ್ನು ಬಿಡಿಸುವ ದಾರಿ ಹೇಳುತ್ತೇನೆ. ನೀವು ಸಂಸ್ಕೃತ ಓದಿರಬೇಕಿಲ್ಲ. ಶಾಲೆಯಲ್ಲಿ ಕಲಿತ ಸಂಧಿ, ಸಮಾಸ ಅರ್ಧಂಬರ್ಧ ನೆನಪಿದ್ದರೂ ಸಾಕು.

ಮೊದಲು ಏನೇನು ಬೇಕು

ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಒಳ್ಳೆಯ ಕನ್ನಡ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನದ್ದಾದರೆ ತುಂಬಾ ಒಳ್ಳೆಯದು. 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಸಾಧ್ಯವಾದರೆ ಅಮರಕೋಶವೂ ಇರಲಿ. ಅದು ಒಂದೇ ಅರ್ಥದ ಪದಗಳನ್ನು ಶ್ಲೋಕದಲ್ಲಿ ಪೋಣಿಸಿಟ್ಟ ಹಳೆಯ ಸಂಸ್ಕೃತ ಪದಕೋಶ. ಒಂದು ಹೆಸರು ಪಾರ್ವತಿಯದೋ ಲಕ್ಷ್ಮಿಯದೋ ಅನ್ನುವ ಅನುಮಾನ ಅಲ್ಲಿ ಒಂದೇ ನೋಟಕ್ಕೆ ಬಗೆಹರಿಯುತ್ತದೆ. ಉಮಾ, ಕಾತ್ಯಾಯನೀ, ಗೌರೀ, ಭವಾನೀ, ಅಪರ್ಣಾ ಎಲ್ಲ ಒಂದು ಕಡೆ. ಪದ್ಮಾ, ಕಮಲಾ, ಇಂದಿರಾ, ರಮಾ ಇನ್ನೊಂದು ಕಡೆ.

ಮಕ್ಕಳ ಹೆಸರಿನ ವೆಬ್‌ಸೈಟುಗಳನ್ನು ಸದ್ಯಕ್ಕೆ ಮುಚ್ಚಿಡಿ. ಅರ್ಥ ಗೊತ್ತಾಗದ ಹೆಸರಿಗೆಲ್ಲ ‘ದುರ್ಗೆಯ ಇನ್ನೊಂದು ಹೆಸರು’ ಅಂತ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಅವುಗಳಿಗಿದೆ.

1. ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ

ಇದೇನು ಹೇಳುವ ಮಾತಾ ಅನ್ನಬೇಡಿ. ಬರುವ ತಪ್ಪುಗಳಲ್ಲಿ ಜಾಸ್ತಿ ಪಾಲು ಇಲ್ಲೇ ಹುಟ್ಟುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ‘ರಾಮ’ನೂ ‘ರಮಾ’ಳೂ ಒಂದೇ ಥರ ಕಾಣುತ್ತಾರೆ. ‘ಶಿವ’ ಬೇರೆ, ‘ಶಿವಾ’ ಬೇರೆ. ಎರಡನೆಯದು ದೇವಿಯ ಹೆಸರು. ಮಂಗಳವಾದವಳು ಅಂತ ಅರ್ಥ.

ಹ್ರಸ್ವ, ದೀರ್ಘ ಎಷ್ಟು ವ್ಯತ್ಯಾಸ ಮಾಡುತ್ತದೆ ಅನ್ನುವುದಕ್ಕೆ ಕಾಳಿಯನ್ನೇ ನೋಡಿ. ಕಲಿಯುಗದ ‘ಕಲಿ’ಗೂ ಕಾಳಿಗೂ ಸಂಬಂಧವೇ ಇಲ್ಲ. ಕಾಳಿ ಬಂದಿದ್ದು ‘ಕಾಲ’ ಅನ್ನುವ ಪದದಿಂದ. ಅದಕ್ಕೆ ಕಪ್ಪು ಅಂತಲೂ ಅರ್ಥ, ಸಮಯ ಅಂತಲೂ ಅರ್ಥ. ಸಂಸ್ಕೃತದ ‘ಕಾಲೀ’ ನಮ್ಮ ಬಾಯಲ್ಲಿ ‘ಕಾಳಿ’ಯಾಯಿತು.

2. ‘ನಮಃ’ದ ಬಾಲ ತೆಗೆಯಿರಿ

ಅರ್ಚನೆಯ ಪುಸ್ತಕದಲ್ಲಿ ಹೆಸರು ಇದ್ದಂತೆ ಇರುವುದಿಲ್ಲ. ‘ಯಾರಿಗೆ ನಮಸ್ಕಾರ’ ಅಂತ ಹೇಳಬೇಕಾದ್ದರಿಂದ ಹೆಸರಿಗೆ ಚತುರ್ಥೀ ವಿಭಕ್ತಿ ಸೇರಿರುತ್ತದೆ. ನಾವು ‘ಅಮ್ಮನಿಗೆ’ ಅನ್ನುವಾಗ ‘ಇಗೆ’ ಹಚ್ಚುತ್ತೇವಲ್ಲ, ಅದೇ. ಅದನ್ನು ಕಳಚದೆ ಅರ್ಥ ಹುಡುಕಿದರೆ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ.

ಕಳಚುವುದು ಸುಲಭ. ಕೊನೆಯಲ್ಲಿ ‘ಆಯೈ’ ಇದ್ದರೆ ಅದನ್ನು ‘ಆ’ ಮಾಡಿ. ದುರ್ಗಾಯೈ ಅಂದರೆ ದುರ್ಗಾ, ಉಮಾಯೈ ಅಂದರೆ ಉಮಾ. ಒತ್ತಕ್ಷರದ ಜೊತೆ ‘ಯೈ’ ಬಂದಿದ್ದರೆ ‘ಈ’ ಮಾಡಿ. ಗೌರ್ಯೈ ಅಂದರೆ ಗೌರೀ, ಮರ್ದಿನ್ಯೈ ಅಂದರೆ ಮರ್ದಿನೀ.

ಇದರಲ್ಲಿ ಸೇರದ ಒಂದು ಹೆಸರು ಎಲ್ಲ ಕಡೆ ಕಾಣುತ್ತದೆ. ಕಾರಿನ ಹಿಂದೆ, ಮನೆಯ ಬಾಗಿಲ ಮೇಲೆ ‘ಶ್ರೀಮಾತ್ರೇ ನಮಃ’ ಅಂತ ಬರೆಸಿರುತ್ತಾರೆ ನೋಡಿ. ಇದು ನುಂಗುವ ಮಾತ್ರೆ ಅಲ್ಲ. ‘ಮಾತೃ’ ಶಬ್ದದ ಚತುರ್ಥೀ ರೂಪ ‘ಮಾತ್ರೇ’. ‘ಶ್ರೀಮಾತಾ’ ಲಲಿತಾ ಸಹಸ್ರನಾಮದ ಮೊದಲ ಹೆಸರು.

ಶ್ಲೋಕಗಳಲ್ಲಿ ಇನ್ನೊಂದು ರೂಪ ಸಿಗುತ್ತದೆ. ‘ಶಿವೇ’, ‘ಗೌರಿ’, ‘ನಾರಾಯಣಿ’. ಇದು ಕರೆಯುವ ರೂಪ, ಅಂದರೆ ಸಂಬೋಧನೆ. ಶಿವೇ ಅಂದರೆ ‘ಎಲೈ ಶಿವಾ’. ಈಕಾರದ ಹೆಸರು ಕರೆಯುವಾಗ ಹ್ರಸ್ವವಾಗುತ್ತದೆ, ಅಷ್ಟೇ.

3. ಗೌರವದ ಪದವನ್ನು ಬೇರೆ ಮಾಡಿ

ಅಮ್ಮ, ಅಂಬಾ, ಅಂಬಿಕಾ, ಈಶ್ವರಿ, ಪರಮೇಶ್ವರಿ, ದೇವಿ. ಇವು ಬಹಳಷ್ಟು ಸಲ ಹೆಸರಿನ ಕೊನೆಯಲ್ಲಿ ಅಂಟಿಕೊಂಡ ಗೌರವದ ಪದಗಳು. ನಡುವೆ ಸಂಧಿಯಾಗಿರುವುದರಿಂದ ಗುರುತು ಸಿಗುವುದಿಲ್ಲ. ಚಾಮುಂಡಾ + ಈಶ್ವರೀ ಸೇರಿ ಚಾಮುಂಡೇಶ್ವರಿ. ಮೂಕ + ಅಂಬಿಕಾ ಸೇರಿ ಮೂಕಾಂಬಿಕಾ. ‘ಏಶ್ವರಿ’ ಅಂತ ಕೇಳಿಸಿದ ಕಡೆ ಹಿಂದೆ ಒಂದು ‘ಅ’ ಅಥವಾ ‘ಆ’ ಅಡಗಿದೆ ಅಂತ ತಿಳಿಯಿರಿ.

ಕಳಚಿದ ಮೇಲೆ ಉಳಿದಿದ್ದೇ ನಿಜವಾದ ಹೆಸರು. ಆದರೆ ಉಳಿದ ತುಂಡಿಗೆ ಆತುರದಲ್ಲಿ ಅರ್ಥ ಹೇಳಬೇಡಿ. ಮೂಕಾಂಬಿಕಾ ಅಂದರೆ ಮಾತು ಬಾರದ ತಾಯಿ ಅಂತ ನಂಬಿಕೊಂಡವರನ್ನು ನಾನು ನೋಡಿದ್ದೇನೆ. ಕೊಲ್ಲೂರಿನ ಸ್ಥಳಪುರಾಣದಲ್ಲಿ ಮೂಕನಾಗಿದ್ದು ರಾಕ್ಷಸ. ತಪ್ಪು ವರ ಕೇಳದ ಹಾಗೆ ಅವನ ಮಾತು ನಿಂತಿತು, ಅವನು ಮೂಕಾಸುರನಾದ, ಅವನನ್ನು ಕೊಂದವಳು ಮೂಕಾಂಬಿಕೆಯಾದಳು.

4. ಹೆಸರು ಯಾವ ಬಗೆಯದು ಅಂತ ಕೇಳಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಮೊದಲು, ಯಾರದೋ ಮಗಳು ಅನ್ನುವ ಹೆಸರುಗಳು. ಇದಕ್ಕೊಂದು ಗುರುತಿದೆ. ತಂದೆಯ ಹೆಸರಿನ ಮೊದಲ ಸ್ವರ ಹಿಗ್ಗುತ್ತದೆ. ಅ ಇದ್ದದ್ದು ಆ, ಇ ಇದ್ದದ್ದು ಐ, ಉ ಇದ್ದದ್ದು ಔ. ಜನಕನ ಮಗಳು ಜಾನಕಿ. ದ್ರುಪದನ ಮಗಳು ದ್ರೌಪದಿ. ಹಾಗೆಯೇ ಹಿಮವಂತನ ಮಗಳು ಹೈಮವತಿ, ಪರ್ವತನ ಮಗಳು ಪಾರ್ವತಿ, ಭೃಗುವಿನ ಮಗಳು ಭಾರ್ಗವಿ ಅಂದರೆ ಲಕ್ಷ್ಮಿ. ಇದೊಂದು ಸೂತ್ರ ಕೈಗೆ ಬಂದರೆ ಹತ್ತಾರು ಹೆಸರು ತಾವಾಗಿಯೇ ತೆರೆದುಕೊಳ್ಳುತ್ತವೆ. ಕೊನೆಯಲ್ಲಿ ‘ಜಾ’ ಇದ್ದರೂ ಹುಟ್ಟಿದವಳು ಅಂತಲೇ: ಗಿರಿಜಾ, ಶೈಲಜಾ.

ಇಲ್ಲೊಂದು ಹಳ್ಳ ಇದೆ, ಎಲ್ಲರೂ ಬೀಳುತ್ತಾರೆ. ‘ವತಿ’ ಅಂದರೆ ‘ಉಳ್ಳವಳು’. ಸರಸ್ ಅಂದರೆ ನೀರು, ಕೊಳ. ಸರಸ್ + ವತೀ, ನೀರುಳ್ಳವಳು. ಋಗ್ವೇದದಲ್ಲಿ ಸರಸ್ವತಿ ನದಿಯೂ ಹೌದು, ದೇವಿಯೂ ಹೌದು. ಇದೇ ಜೋರಿನಲ್ಲಿ ಪಾರ್ವತಿಯನ್ನೂ ‘ಪಾರ್ + ವತಿ’ ಅಂತ ಒಡೆಯಬೇಡಿ. ಅಲ್ಲಿನ ‘ವತಿ’ ಪರ್ವತ ಅನ್ನುವ ಪದದ್ದೇ ತುಂಡು.

ಇನ್ನು ಹೆಂಡತಿ ಅನ್ನುವ ಹೆಸರುಗಳು. ‘ಆನೀ’ ಅಥವಾ ‘ಆಣೀ’ ಅಂತ ಮುಗಿಯುತ್ತವೆ. ಇಂದ್ರಾಣಿ, ರುದ್ರಾಣಿ, ಶರ್ವಾಣಿ, ಭವಾನಿ. ಭವ, ಶರ್ವ ಎರಡೂ ಶಿವನ ಹೆಸರುಗಳೇ. ಪಾಣಿನಿ ಈ ಬಗೆಗೆ ಒಂದು ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ. ಹಿಂದೆ ‘ರ’ ಬಂದರೆ ‘ಣ’, ಇಲ್ಲದಿದ್ದರೆ ‘ನ’. ಭವಾನಿಯಲ್ಲಿ ‘ನ’ ಇರುವುದು ಅದಕ್ಕೇ.

ಆದರೆ ಗಂಡು ದೇವರ ಹೆಸರು ಕಂಡ ಕೂಡಲೇ ಹೆಂಡತಿ ಅನ್ನಬೇಡಿ. ಸಪ್ತಮಾತೃಕೆಯರು ಅಂತ ಏಳು ಜನ ತಾಯಂದಿರಿದ್ದಾರೆ: ಬ್ರಾಹ್ಮೀ, ಮಾಹೇಶ್ವರೀ, ಕೌಮಾರೀ, ವೈಷ್ಣವೀ, ವಾರಾಹೀ, ಇಂದ್ರಾಣೀ, ಚಾಮುಂಡಾ. ಮೊದಲ ಸ್ವರ ಹಿಗ್ಗಿದ್ದು ಇಲ್ಲೂ ಕಾಣುತ್ತದೆ ಅಲ್ವಾ? ಆದರೆ ಕೌಮಾರಿ ಕುಮಾರಸ್ವಾಮಿಯ ಹೆಂಡತಿಯೂ ಅಲ್ಲ, ಮಗಳೂ ಅಲ್ಲ. ಅವನ ಶಕ್ತಿ. ದೇವಿ ಅಸುರರನ್ನು ಕೊಂದ ಕಥೆ ಹೇಳುವ ಸಂಸ್ಕೃತ ಗ್ರಂಥ ದೇವೀ ಮಾಹಾತ್ಮ್ಯದ 8ನೇ ಅಧ್ಯಾಯದಲ್ಲಿ ಆಯಾ ದೇವರ ಮೈಯಿಂದ ಅವರವರ ಶಕ್ತಿ ಹೊರಗೆ ಬಂದು ಯುದ್ಧಕ್ಕೆ ನಿಲ್ಲುತ್ತದೆ. ವಾಹನ, ಆಯುಧ, ರೂಪ ಎಲ್ಲ ಆ ದೇವರದ್ದೇ.

ರೂಪದ ಹೆಸರುಗಳು ಸುಲಭ. ಗೌರೀ, ಬೆಳ್ಳಗಿರುವವಳು. ‘ಅಕ್ಷಿ’ ಅಂದರೆ ಕಣ್ಣು. ಮಧುರೆಯ ಮೀನಾಕ್ಷಿ ಮೀನಿನಂಥ ಕಣ್ಣಿನವಳು, ಕಾಶಿಯ ವಿಶಾಲಾಕ್ಷಿ ಅಗಲ ಕಣ್ಣಿನವಳು, ಶತಾಕ್ಷಿ ನೂರು ಕಣ್ಣಿನವಳು.

ಕೆಲಸದ ಹೆಸರುಗಳು ಕೊನೆಯ ತುಂಡಿನಲ್ಲೇ ಗೊತ್ತಾಗುತ್ತವೆ. ಮರ್ದಿನಿ ತುಳಿದು ಸದೆಬಡಿದವಳು, ದಾಯಿನಿ ಕೊಡುವವಳು, ಹಾರಿಣಿ ಕಳೆಯುವವಳು, ವಾಸಿನಿ ನೆಲೆಸಿದವಳು. ಶಂಕರಿಯೂ ಇದೇ ಗುಂಪು: ‘ಶಂ’ ಅಂದರೆ ಒಳ್ಳೆಯದು, ಅದನ್ನು ಮಾಡುವವಳು.

ಕೊನೆಯದು ‘ಇಲ್ಲ’ ಅನ್ನುವ ಹೆಸರುಗಳು. ಅ, ನಿರ್, ನಿಷ್, ನಿಶ್ ಇವುಗಳಿಂದ ಶುರುವಾಗುತ್ತವೆ. ನನಗೆ ತುಂಬಾ ಇಷ್ಟವಾದ ಜಾಗ ಇದು. ಲಲಿತಾ ಸಹಸ್ರನಾಮದಲ್ಲಿ ಒಂದು ಕಡೆ ಹೆಸರುಗಳು ಜೋಡಿಯಾಗಿ ಬರುತ್ತವೆ. ‘ನಿಷ್ಕ್ರೋಧಾ, ಕ್ರೋಧಶಮನೀ’. ‘ನಿರ್ಲೋಭಾ, ಲೋಭನಾಶಿನೀ’. ‘ನಿರ್ಮೋಹಾ, ಮೋಹನಾಶಿನೀ’. ಮೊದಲು ಅವಳಲ್ಲಿ ಆ ದೋಷ ಇಲ್ಲ, ಆಮೇಲೆ ನಮ್ಮಲ್ಲಿರುವ ಅದೇ ದೋಷವನ್ನು ಕಳೆಯುತ್ತಾಳೆ. ತನಗೇ ಕೋಪ ಇರುವವರು ಇನ್ನೊಬ್ಬರ ಕೋಪ ಇಳಿಸಲಾರರಲ್ಲ. ಬಿಡಿಬಿಡಿಯಾಗಿ ಅರ್ಥ ಓದಿದರೆ ಈ ಜೋಡಣೆ ತಪ್ಪಿಹೋಗುತ್ತದೆ. ಹಾಗಾಗಿ ಸಹಸ್ರನಾಮದ ಹೆಸರಿಗೆ ಅರ್ಥ ಹುಡುಕುವಾಗ ಅಕ್ಕಪಕ್ಕದ ಹೆಸರನ್ನೂ ಒಮ್ಮೆ ನೋಡಿ.

ಅದೇ ಸಾಲಿನಲ್ಲಿ ‘ನೀರಾಗಾ, ರಾಗಮಥನೀ’ ಅಂತ ಇದೆ. ನೀರಿಗೂ ಇದಕ್ಕೂ ಸಂಬಂಧವಿಲ್ಲ, ಸಂಗೀತದ ರಾಗಕ್ಕೂ ಇಲ್ಲ. ರಾಗ ಅಂದರೆ ಇಲ್ಲಿ ಅಂಟು, ಆಸೆ. ‘ನಿಃ’ದ ಮುಂದೆ ‘ರ’ ಬಂದಾಗ ವಿಸರ್ಗ ಬಿದ್ದುಹೋಗಿ ‘ನಿ’ ದೀರ್ಘವಾಗುತ್ತದೆ. ರೋಗ ಇಲ್ಲದವನು ‘ನೀರೋಗಿ’ ಆದ ಹಾಗೆ.

5. ಉದ್ದ ಹೆಸರನ್ನು ಹಿಂದಿನಿಂದ ಬಿಡಿಸಿ

ಸಹಸ್ರನಾಮ ಓದುವಾಗ ಉಸಿರು ಸಿಕ್ಕಿಕೊಳ್ಳುವ ಹೆಸರುಗಳಿರುತ್ತವೆ. ಒಂದನ್ನು ಇಲ್ಲೇ ಬಿಡಿಸಿ ನೋಡೋಣ.

ತಾಟಂಕಯುಗಲೀಭೂತತಪನೋಡುಪಮಂಡಲಾ.

ಹೆದರಬೇಡಿ, ಪೆನ್ಸಿಲ್ ತಗೊಂಡು ಕೊನೆಯಿಂದ ಗೆರೆ ಹಾಕುತ್ತಾ ಬನ್ನಿ. ಕೊನೆಯಲ್ಲಿ ‘ಮಂಡಲಾ’, ದುಂಡಗಿನ ಬಿಂಬ. ಅದರ ಹಿಂದೆ ‘ತಪನೋಡುಪ’. ಇಲ್ಲಿ ‘ನೋ’ ಅನ್ನುವಲ್ಲಿ ಸಂಧಿ ಇದೆ: ತಪನ + ಉಡುಪ. ತಪನ ಅಂದರೆ ಸುಡುವವನು, ಸೂರ್ಯ. ಉಡು ಅಂದರೆ ನಕ್ಷತ್ರ, ಉಡುಪ ಅಂದರೆ ನಕ್ಷತ್ರಗಳ ಒಡೆಯ, ಚಂದ್ರ. ಉಡುಪಿಯ ಹೆಸರಿಗೂ ಇದೇ ಅರ್ಥ ಹೇಳುವ ವಾಡಿಕೆ ಇದೆ. ಇನ್ನೂ ಹಿಂದೆ ಹೋದರೆ ‘ಯುಗಲೀಭೂತ’, ಜೋಡಿಯಾದ. ಮೊದಲಲ್ಲಿ ‘ತಾಟಂಕ’, ಕಿವಿಯ ಓಲೆ.

ಈಗ ಸೇರಿಸಿ. ಸೂರ್ಯಚಂದ್ರರ ಬಿಂಬಗಳೇ ಯಾರ ಜೋಡಿ ಓಲೆಗಳಾಗಿವೆಯೋ ಅವಳು. ಒಂದು ಕಿವಿಯಲ್ಲಿ ಹಗಲು, ಇನ್ನೊಂದರಲ್ಲಿ ರಾತ್ರಿ. ಇಷ್ಟು ಚೆಂದದ ಚಿತ್ರ ಆ ಉದ್ದ ಹೆಸರಿನೊಳಗೆ ಮಡಚಿ ಕೂತಿತ್ತು.

ಇಲ್ಲಿ ಎಚ್ಚರ ಬೇಕಾದ ಜಾಗ ಒಂದೇ. ಹೆಸರಿನ ಕೊನೆಯ ಪದ ‘ಮಂಡಲಾ’ ಆದರೂ ದೇವಿಯೇ ಮಂಡಲ ಅಂತ ಅರ್ಥವಲ್ಲ. ಅಂಥ ಮಂಡಲ ಯಾರಿಗಿದೆಯೋ ಅವಳು ಅಂತ. ಇದಕ್ಕೆ ಬಹುವ್ರೀಹಿ ಸಮಾಸ ಅನ್ನುತ್ತಾರೆ. ಮುಕ್ಕಣ್ಣ ಅಂದರೆ ಮೂರು ಕಣ್ಣಲ್ಲ, ಮೂರು ಕಣ್ಣುಳ್ಳವನು ಅಲ್ವಾ, ಹಾಗೆ. ನವದುರ್ಗೆಯರಲ್ಲಿ ಮೂರನೆಯವಳಾದ ಚಂದ್ರಘಂಟಾ ಕೂಡ ‘ಚಂದ್ರನ ಗಂಟೆ’ ಅಲ್ಲ, ಹಣೆಯ ಮೇಲೆ ಗಂಟೆಯಾಕಾರದ ಚಂದ್ರನನ್ನು ಧರಿಸಿದವಳು.

6. ಸಂಸ್ಕೃತವೋ ಕನ್ನಡವೋ ನೋಡಿ

ನಮ್ಮೂರ ದೇವಿಯರ ಹೆಸರನ್ನು ಸಂಸ್ಕೃತ ನಿಘಂಟಿನಲ್ಲಿ ಹುಡುಕಿ ಸೋಲಬೇಡಿ. ಕೆಲವು ಅಚ್ಚ ಕನ್ನಡ, ಕೆಲವು ತದ್ಭವ. ತದ್ಭವ ಅಂದರೆ ಸಂಸ್ಕೃತದಿಂದ ಬಂದು ನಮ್ಮ ನಾಲಿಗೆಗೆ ತಕ್ಕ ಹಾಗೆ ಬದಲಾದ ಪದ.

ಬಾದಾಮಿಯ ಬನಶಂಕರಿಯಲ್ಲಿ ‘ವನ’ ಹೋಗಿ ‘ಬನ’ವಾಗಿದೆ. ಕಾಡಿನ ಶಂಕರಿ. ಚೌಡಿ, ಚೌಡೇಶ್ವರಿ ಕೂಡ ಚಾಮುಂಡಿಯಿಂದ ಬಂದವಳೇ. ಚಾಮುಂಡಿ, ಚಾವುಂಡಿ, ಚೌಡಿ. ನಡುವಿನ ‘ಮ’ ‘ವ’ ಆಗುವುದು ವಿಚಿತ್ರವೇನಲ್ಲ. ಶ್ರವಣಬೆಳಗೊಳದ ಚಾವುಂಡರಾಯನನ್ನು ಚಾಮುಂಡರಾಯ ಅಂತಲೂ ಕರೆಯುತ್ತೇವಲ್ಲ.

ಸವದತ್ತಿಯ ಎಲ್ಲಮ್ಮನನ್ನು ಜನ ಎಲ್ಲರ ಅಮ್ಮ ಅಂತ ಅರ್ಥ ಮಾಡಿಕೊಂಡಿದ್ದಾರೆ. ಅವಳ ಇನ್ನೊಂದು ಹೆಸರು ರೇಣುಕೆ, ಅದು ಸಂಸ್ಕೃತ. ರೇಣು ಅಂದರೆ ಧೂಳು, ಹೂವಿನ ಪರಾಗ. ಕೊಪ್ಪಳ ಜಿಲ್ಲೆಯ ಹುಲಿಗೆಮ್ಮನ ಹೆಸರಿನಲ್ಲಿ ಹುಲಿ ಕಂಡರೂ ಮೊದಲು ಊರಿನ ಹೆಸರು ನೋಡಿ, ಅದು ಹುಲಿಗಿ. ಹೀಗೆ ‘ಊರಿನ ಅಮ್ಮ’ ಅನ್ನುವ ಹೆಸರುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಶಿರಸಿಯ ಮಾರಿಕಾಂಬೆಯ ‘ಮಾರಿ’ ಸ್ವಲ್ಪ ತೊಡಕಿನದು. ಸಂಸ್ಕೃತದಲ್ಲಿ ಮಾರಿ ಅಂದರೆ ಸಾವು ತರುವ ರೋಗ. ತಮಿಳಿನಲ್ಲಿ ಮಾರಿ ಅಂದರೆ ಮಳೆ. ಎರಡು ಕಡೆಯವರೂ ವಾದ ಮಾಡುತ್ತಾರೆ. ಬೇಸಿಗೆಯ ಸಿಡುಬನ್ನೂ ಆಮೇಲಿನ ಮಳೆಯನ್ನೂ ಒಬ್ಬಳೇ ತಾಯಿಯ ಕೈಗೆ ಒಪ್ಪಿಸಿದ ಜನಕ್ಕೆ ಆ ವಾದ ಬೇಕಿರಲಿಲ್ಲ ಅಂತ ನನಗನಿಸುತ್ತದೆ.

7. ಎರಡು ಅರ್ಥ ಸಿಕ್ಕರೆ ಎರಡನ್ನೂ ಬರೆದಿಡಿ

ನಿಘಂಟು ಒಂದು ಹೇಳುತ್ತದೆ, ಭಕ್ತರು ಇನ್ನೊಂದು ಹೇಳುತ್ತಾರೆ. ಗಾಬರಿ ಬೇಡ. ಮೊದಲನೆಯದು ಪದದ ಅರ್ಥ. ಎರಡನೆಯದನ್ನು ನಿರ್ವಚನ ಅನ್ನುತ್ತಾರೆ, ಹೆಸರಿನ ಅಕ್ಷರ ಅಕ್ಷರಕ್ಕೂ ಭಾವ ತುಂಬಿ ಬಿಡಿಸುವ ಕ್ರಮ. ಒಂದನ್ನು ಇನ್ನೊಂದು ಅಂತ ಹೇಳಿದಾಗ ಮಾತ್ರ ಜಗಳ.

ಕೂಷ್ಮಾಂಡಾ ಒಳ್ಳೆಯ ಉದಾಹರಣೆ. ನಿಘಂಟು ತೆರೆದರೆ ಕೂಷ್ಮಾಂಡ ಅಂದರೆ ಬೂದುಗುಂಬಳ. ಅಷ್ಟೇ! ಇದನ್ನು ಓದಿ ಬೇಜಾರಾದವರೂ ಇದ್ದಾರೆ. ನಿರ್ವಚನ ಬೇರೆ: ‘ಕು’ ಅಂದರೆ ಪುಟ್ಟ, ‘ಊಷ್ಮ’ ಅಂದರೆ ಶಾಖ, ‘ಅಂಡ’ ಅಂದರೆ ಮೊಟ್ಟೆ, ಬ್ರಹ್ಮಾಂಡ. ತನ್ನ ಬಿಸಿಯಿಂದ ಬ್ರಹ್ಮಾಂಡವನ್ನು ಮರಿ ಮಾಡಿದವಳು. ಕಾಮಾಕ್ಷಿಯೂ ಹಾಗೆ. ಪದದ ಅರ್ಥ, ಆಸೆ ತುಂಬಿದ ಕಣ್ಣಿನವಳು. ನಿರ್ವಚನದಲ್ಲಿ ‘ಕಾ’ ಸರಸ್ವತಿ, ‘ಮಾ’ ಲಕ್ಷ್ಮಿ, ಇವರಿಬ್ಬರನ್ನೂ ಕಣ್ಣಾಗಿ ಉಳ್ಳವಳು.

ದುರ್ಗಾ ಅನ್ನುವ ಹೆಸರಿಗಂತೂ ಒಂದೇ ಗ್ರಂಥ ಎರಡು ಅರ್ಥ ಕೊಡುತ್ತದೆ. ದುರ್ + ಗ, ಹೋಗಲು ಕಷ್ಟವಾದದ್ದು. ಚಿತ್ರದುರ್ಗದ ‘ದುರ್ಗ’ವೂ ಇದೇ ಪದ. ದೇವೀ ಮಾಹಾತ್ಮ್ಯದ 4ನೇ ಅಧ್ಯಾಯದಲ್ಲಿ ಅವಳು ದಾಟಲಾಗದ ಸಂಸಾರದ ಸಮುದ್ರವನ್ನು ದಾಟಿಸುವ ದೋಣಿ. 11ನೇ ಅಧ್ಯಾಯದಲ್ಲಿ ದೇವಿಯೇ ಹೇಳುತ್ತಾಳೆ, ಮುಂದೆ ದುರ್ಗಮ ಅನ್ನುವ ಅಸುರನನ್ನು ಕೊಂದು ದುರ್ಗಾ ಅನ್ನಿಸಿಕೊಳ್ಳುತ್ತೇನೆ ಅಂತ. ಯಾವುದು ಸರಿ ಅಂದರೆ, ಎರಡೂ ಅಲ್ಲೇ ಇವೆ.

8. ಕಥೆಯ ಜೊತೆ ತಾಳೆ ಹಾಕಿ

ವ್ಯಾಕರಣ ಎಲ್ಲ ಸರಿಯಾಗಿ ಬಂದರೂ ಕಥೆ ಗೊತ್ತಿಲ್ಲದೆ ಕೆಲವು ಹೆಸರು ಬಾಯಿ ಬಿಡುವುದಿಲ್ಲ.

ಚಾಮುಂಡಿ ಯಾರನ್ನು ಕೊಂದಳು ಅಂತ ಕೇಳಿದರೆ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ಮಹಿಷಾಸುರ ಅಂತಾರೆ. ಮೈಸೂರಿನ ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತ ಅವನ ವಿಗ್ರಹ ನೋಡಿದವರು ಇನ್ನೇನು ಹೇಳಿಯಾರು? ಆದರೆ ಮಹಿಷನ ವಧೆ ದೇವೀ ಮಾಹಾತ್ಮ್ಯದ 3ನೇ ಅಧ್ಯಾಯಕ್ಕೇ ಮುಗಿಯುತ್ತದೆ. ಚಾಮುಂಡಾ ಅನ್ನುವ ಹೆಸರು ಬರುವುದು 7ನೇ ಅಧ್ಯಾಯದಲ್ಲಿ. ಕಾಳಿ ಚಂಡ, ಮುಂಡ ಅನ್ನುವ ಇಬ್ಬರ ತಲೆ ತಂದು ಚಂಡಿಕೆಯ ಮುಂದೆ ಇಡುತ್ತಾಳೆ. ಇವರನ್ನು ತಂದದ್ದರಿಂದ ನೀನು ಚಾಮುಂಡಾ ಅಂತ ಹೆಸರಾಗುತ್ತೀಯೆ ಅನ್ನುತ್ತಾಳೆ ಚಂಡಿಕೆ. ಬೆಟ್ಟದ ತಾಯಿ ಮಹಿಷಮರ್ದಿನಿಯೂ ಹೌದು, ಪೂಜೆಗೆ ಅದರಿಂದ ಏನೂ ಕೊರತೆಯಿಲ್ಲ. ಆದರೆ ಹೆಸರು ನೆನಪಿಸುವುದು ಚಂಡಮುಂಡರನ್ನು.

ಶಾಕಂಭರಿಯೂ ಕಥೆ ಕೇಳುವ ಹೆಸರೇ. ಶಾಕ ಅಂದರೆ ಸೊಪ್ಪು, ತರಕಾರಿ. ‘ಭರಿ’ ಅಂದರೆ ಹೊತ್ತವಳು, ಪೋಷಿಸುವವಳು. ನೂರು ವರ್ಷ ಮಳೆ ಬಾರದಿದ್ದಾಗ ತನ್ನ ಮೈಯಿಂದ ಬೆಳೆದ ಸೊಪ್ಪು ತರಕಾರಿಯಿಂದಲೇ ಲೋಕ ಸಾಕಿದವಳು ಅಂತ ಅದೇ 11ನೇ ಅಧ್ಯಾಯ ಹೇಳುತ್ತದೆ. ಬನಶಂಕರಿಯನ್ನು ಶಾಕಂಭರಿ ಅಂತ ಪೂಜಿಸುತ್ತಾರೆ. ಪುಷ್ಯ ಮಾಸದ ಬನದ ಹುಣ್ಣಿಮೆಯ ಹೊತ್ತಿಗೆ ಅವಳಿಗೆ ತರಕಾರಿ ಅರ್ಪಿಸುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಅಪರ್ಣಾ. ನಿಘಂಟನ್ನೇ ನೆಚ್ಚಿಕೊಂಡರೆ ಎದೆ ಧಸಕ್ಕನ್ನುತ್ತದೆ: ‘ಎಲೆ ಇಲ್ಲದವಳು’. ಬೋಳು ಮರವೇ ಕಣ್ಣ ಮುಂದೆ ಬರುತ್ತದೆ. ಕಾಳಿದಾಸನ ಕುಮಾರಸಂಭವದ 5ನೇ ಸರ್ಗಕ್ಕೆ ಹೋಗಿ. ಶಿವನಿಗಾಗಿ ತಪಸ್ಸಿಗೆ ಕೂತ ಪಾರ್ವತಿ ಊಟ ಬಿಡುತ್ತಾ ಬರುತ್ತಾಳೆ. ತಾನಾಗಿ ಉದುರಿದ ಎಲೆ ತಿಂದುಕೊಂಡಿರುವುದೇ ತಪಸ್ಸಿನ ಕೊನೆಯ ಮೆಟ್ಟಿಲು ಅಂತ ಲೆಕ್ಕ. ಅವಳು ಅದನ್ನೂ ಬಿಟ್ಟಳು, ಅದಕ್ಕೇ ಅಪರ್ಣಾ. ತಾಯಿ ಮೇನೆ ‘ಉ ಮಾ’, ಅಯ್ಯೋ ಬೇಡ ಕಣೇ ಅಂತ ತಡೆದಿದ್ದಕ್ಕೆ ಉಮಾ ಆದಳು ಅನ್ನುವುದೂ ಅದೇ ಕಾವ್ಯದ ಮಾತು. ಹಾಗಾಗಿ ಕೇಳಿದವರಿಗೆ ಉತ್ತರ: ಮಗಳಿಗೆ ಧೈರ್ಯವಾಗಿ ಅಪರ್ಣಾ ಅಂತ ಇಡಿ. ನಾಳೆ ತಟ್ಟೆಯಲ್ಲಿನ ಸೊಪ್ಪಿನ ಪಲ್ಯ ಮುಟ್ಟಲ್ಲ ಅಂತ ಹಟ ಮಾಡಿದರೆ ಮಾತ್ರ ನನ್ನನ್ನು ಕೇಳಬೇಡಿ.